ಸತ್ತರೂ ಸಾವಿರ?

‘ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ’ ಎಂಬ ಗಾದೆಯನ್ನು ನಾವು ಹೊಗಳಿಕೆಯಾಗಿ ಬಳಸುತ್ತೇವೆ. ಆನೆಯ ಪಾಲಿಗೆ ಅದೆಂಥ ಲೆಕ್ಕ ಎಂದು ಯೋಚಿಸುವಂತಾದದ್ದು ನಾನು ಜಪಾನಿನ ಹಮಾಮತ್ಸುವಿಗೆ ಬಂದ ಮೇಲೆ.

ಇದು ಪಿಯಾನೋಗಳ ಊರು. 1887ರಲ್ಲಿ ಇಲ್ಲಿನ ಶಾಲೆಯೊಂದರ ಕೆಟ್ಟ ಆರ್ಗನ್ ರಿಪೇರಿ ಮಾಡಿದ ಯಮಹಾ ತೊರಾಕುಸು ಮುಂದೆ ಕಟ್ಟಿದ ಕಂಪನಿ 1900ರಲ್ಲಿ ಪಿಯಾನೋ ತಯಾರಿಸಿತು. ಪಿಯಾನೋದ 52 ಬಿಳಿ ಕೀಗಳ ಮರದ ಮೇಲೆ ಹಿಂದೆ ಆನೆದಂತದ ತೆಳು ಪಟ್ಟಿ ಅಂಟಿಸುವ ರೂಢಿಯಿತ್ತು. ದಂತ ಬೆರಳಿನ ಬೆವರು ಹೀರುತ್ತದೆ, ಬೆರಳು ಜಾರುವುದಿಲ್ಲ. 1980ರ ದಶಕದಲ್ಲಿ ಯಮಹಾ ಕಂಪನಿ ಹಾಲಿನ ಕೇಸೀನ್‌ನಿಂದ ‘ಐವರೈಟ್’ ಎಂಬ ಬದಲಿಯನ್ನು ಮಾಡಿತು. 1989ರಲ್ಲಿ ಸೈಟಿಸ್ ಒಪ್ಪಂದದ ದೇಶಗಳು ಆಫ್ರಿಕದ ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧಿಸಲು ತೀರ್ಮಾನಿಸಿದವು. ಆದರೂ ಜಪಾನಿನ ಒಳಗಿನ ಮಾರುಕಟ್ಟೆ ಮುಚ್ಚಲಿಲ್ಲ. ಹಾಂಕೊ ಎಂಬ ಹೆಸರಿನ ಮುದ್ರೆಗಳಿಗೆ ದಂತ ಬಳಕೆಯಲ್ಲೇ ಉಳಿಯಿತು.

ನಮ್ಮ ಮನೆಗೆ ಬಂದ ಹಳೆಯ ಪಿಯಾನೋದಲ್ಲಿ ಮೂರು ಕೀಗಳ ದಂತ ಒಡೆದಿತ್ತು. ಶ್ರುತಿ ಮಾಡುವವರು ಮೂರು ದಾರಿ ಹೇಳಿದರು: ಬಿಚ್ಚಿಹಾಕಿದ ಪಿಯಾನೋದ ಹಳೆಯ ದಂತ ತಂದು ಕೂರಿಸುವುದು, ಐವತ್ತೆರಡನ್ನೂ ಕಿತ್ತು ಪ್ಲಾಸ್ಟಿಕ್ ಹಾಕುವುದು, ಮೂರಕ್ಕೆ ಮಾತ್ರ ಪ್ಲಾಸ್ಟಿಕ್.

ಎಲ್ಲವನ್ನೂ ಕಿತ್ತರೆ ಮನೆ ಶುದ್ಧವಾದಂತೆ ಅನಿಸಬಹುದು. ಆದರೆ ಆನೆ ಸತ್ತು ಎಷ್ಟೋ ಕಾಲವಾಗಿದೆ. ದಂತವನ್ನು ಕಸಕ್ಕೆಸೆದರೆ ಅದರ ಸಾವು ಎರಡನೇ ಸಲ ವ್ಯರ್ಥವಾಗುತ್ತದೆ. ಸವೆದ ಸೂಜಿಗಳನ್ನೂ ಮೆತ್ತನೆಯ ತೋಫುವಿನಲ್ಲಿ ಚುಚ್ಚಿಟ್ಟು ‘ಹರಿ ಕುಯೊ’ ಮಾಡಿ ಬೀಳ್ಕೊಡುವ ದೇಶವಿದು. ಆಯುಧಪೂಜೆ ಮಾಡುವ ನಮಗೆ ಆ ಭಾವ ಹೊಸದಲ್ಲ.

ಹಾಗಾದರೆ ಹಳೆಯ ದಂತವನ್ನೇ ಕೊಂಡರೇನು? ಅದಕ್ಕಾಗಿ ಹೊಸದಾಗಿ ಯಾವ ಆನೆಯೂ ಸಾಯಬೇಕಿಲ್ಲವಲ್ಲ? ಈ ವಾದವೇ ನನ್ನನ್ನು ಹೆಚ್ಚು ಕಾಡಿತು. ಇರುವುದನ್ನು ಇಟ್ಟುಕೊಳ್ಳುವುದಕ್ಕೂ ಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಕೊಂಡಾಗ ಬೆಲೆ ಹುಟ್ಟುತ್ತದೆ. ಹಳೆಯ ದಂತಕ್ಕೆ ಬೆಲೆ ಇರುವಷ್ಟು ದಿನ, ಹೊಸದನ್ನು ಹಳೆಯದೆಂದು ಮಾರುವ ಆಸೆಯೂ ಇರುತ್ತದೆ. ಕೀಯ ಮೇಲೆ ಅಂಟಿದ ತೆಳು ಪಟ್ಟಿ ತನ್ನ ವಯಸ್ಸು ಹೇಳುವುದಿಲ್ಲ. ನಾಗರಹೊಳೆ, ಬಂಡೀಪುರಗಳ ಗಂಡಾನೆಗೆ ದಂತವೇ ಶತ್ರುವಾದದ್ದು ಇಂಥ ಬೆಲೆಯಿಂದಲೇ.

ಮೈಸೂರಿನ ಬೀಟೆಮರದ ಕುಶಲಕರ್ಮಿಗಳು ದಂತ ಬಿಟ್ಟು ಬಿಳಿ ಪ್ಲಾಸ್ಟಿಕ್ ಕೂರಿಸಲು ಕಲಿತರು. ಅವರ ಕಲೆ ಅದರಿಂದ ನಿಲ್ಲಲಿಲ್ಲ. ನಾವೂ ಮೂರಕ್ಕೆ ಪ್ಲಾಸ್ಟಿಕ್ ಹಾಕಿಸಿದೆವು. ಹಳದಿಗಟ್ಟಿದ ಸಾಲಿನಲ್ಲಿ ಅವು ಎದ್ದು ಕಾಣುತ್ತವೆ, ಬೆರಳಿಗೂ ಬೇರೆಯಾಗಿ ತಾಗುತ್ತವೆ. ಬಂದವರು ಕಾರಣ ಕೇಳುತ್ತಾರೆ. ಉಳಿದ ನಲವತ್ತೊಂಬತ್ತು ಯಾವುದರಿಂದ ಆದವು ಎಂದು ಆಗ ಹೇಳಲೇಬೇಕಾಗುತ್ತದೆ.