ಜಡದ ಘನತೆ

ಜಡಕ್ಕೂ ಚೇತನಕ್ಕೂ ನಡುವಣ ಗೆರೆಯನ್ನು ಎಲ್ಲಿ ಎಳೆಯತಕ್ಕದ್ದೆಂಬ ಪ್ರಶ್ನೆ ನಮ್ಮ ದರ್ಶನಕಾರರನ್ನು ಬಹುಕಾಲ ಕಾಡಿತು. ಭೂತಗಳ ಸಂಯೋಗದಿಂದಲೇ ಚೈತನ್ಯವು ಹುಟ್ಟುವುದೆಂದು ಚಾರ್ವಾಕರು ವಾದಿಸಿದರು; ದೇಹದಲ್ಲಿ ತೋರಿಬಂದರೂ ಅದು ದೇಹದ ಧರ್ಮವಲ್ಲವೆಂದು ಶಂಕರಾಚಾರ್ಯರು ಉತ್ತರವಿತ್ತರು. ಈ ವಿಚಾರಕ್ಕೆ ಇಂದು ಆಕಾಶದಿಂದ ಬಿದ್ದ ಒಂದು ಕಲ್ಲನ್ನೂ ಸಾಕ್ಷಿಯಾಗಿ ಕರೆಯಬೇಕಾಗಿದೆ.

1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ, ಮರ್ಚಿಸನ್ ಎಂಬ ಊರಿನ ಸುತ್ತ ಉಲ್ಕೆಯೊಂದು ಸಿಡಿದು ಬಿದ್ದು, ನೂರು ಕಿಲೋಗ್ರಾಮಿಗೂ ಮಿಗಿಲಾದ ಕಪ್ಪು ಕಲ್ಲಿನ ಚೂರುಗಳು ದೊರೆತವು. ಅಮೆರಿಕದಲ್ಲಿರುವ ನಾಸಾದ ಏಮ್ಸ್ ಸಂಶೋಧನಕೇಂದ್ರದಲ್ಲಿ ಕೀತ್ ಕ್ವೆನ್ವೋಲ್ಡನ್ ಅವರೂ, ಸಿಂಹಳದಲ್ಲಿ ಹುಟ್ಟಿ ಮದ್ರಾಸು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನೋದಿ ಆಮೇಲೆ ರಸಾಯನಶಾಸ್ತ್ರಕ್ಕೆ ಬಂದ ಸಿರಿಲ್ ಪೊನ್ನಂಪೆರುಮ ಅವರೂ, ಅವರ ಸಂಗಡಿಗರೂ ಆ ಕಲ್ಲನ್ನು ಪರೀಕ್ಷಿಸಿ, ನಮ್ಮ ರಕ್ತಮಾಂಸಗಳ ಪ್ರೋಟೀನುಗಳನ್ನು ಕಟ್ಟುವ ಗ್ಲೈಸೀನ್, ಅಲನೀನ್, ವ್ಯಾಲೀನ್ ಮೊದಲಾದ ಅಮೈನೋ ಆಮ್ಲಗಳು ಅದರಲ್ಲಿರುವುದನ್ನು 1970ರ ಡಿಸೆಂಬರಿನಲ್ಲಿ ಪ್ರಕಟಿಸಿದರು.

ಅವರಿಗೆ ನೆರವಾದ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವು ಒಡೆದು ಅರಿಯುವ ಯಂತ್ರ. ಕಲ್ಲಿನ ಸಾರವನ್ನು ಆವಿಯಾಗತಕ್ಕ ರೂಪಕ್ಕೆ ತಂದು, ಉದ್ದವಾದ ಸಣ್ಣ ನಳಿಕೆಯೊಂದರಲ್ಲಿ ಹಾಯಿಸಿದರೆ, ಅದರೊಳಗಣ ವಸ್ತುಗಳು ಒಂದರ ಹಿಂದೊಂದಾಗಿ ಹೊರಬರುತ್ತವೆ. ಹಾಗೆ ಬಂದ ಅಣುಗಳನ್ನು ಯಂತ್ರವು ಎಲೆಕ್ಟ್ರಾನುಗಳ ಪ್ರಹಾರದಿಂದ ವಿದ್ಯುದಾವಿಷ್ಟವಾಗಿಸಿ, ಚೂರಾಗಿಸಿ, ಚೂರುಗಳನ್ನು ಅವುಗಳ ತೂಕಕ್ಕೆ ತಕ್ಕಂತೆ ಬೇರ್ಪಡಿಸಿ ದಾಖಲಿಸುತ್ತದೆ. ಆಲದ ಹಣ್ಣನ್ನೂ ಅದರ ಬೀಜವನ್ನೂ ಒಡೆಯಿಸಿ, ಕಾಣುವುದೇನೆಂದು ಮಗನನ್ನು ಕೇಳಿದ ಉದ್ದಾಲಕನ ವಂಶದವರಿಗೆ ಈ ಮಾರ್ಗ ಅಪರಿಚಿತವಾದುದಲ್ಲ.

ಆದರೆ ತೂಕವೊಂದರಿಂದಲೇ ವಸ್ತುವಿನ ಸ್ವರೂಪವು ನಿರ್ಣಯವಾಗದೆಂಬುದನ್ನೂ ಅದೇ ಕಲ್ಲು ತೋರಿಸಿತು. ಅದರಲ್ಲಿ ಅಲನೀನಿನೊಡನೆ ಸಾರ್ಕೋಸೀನ್ ಎಂಬ ಇನ್ನೊಂದು ಅಮೈನೋ ಆಮ್ಲವೂ ದೊರೆಯಿತು. ಎರಡರಲ್ಲಿಯೂ ಮೂರು ಇಂಗಾಲ, ಏಳು ಜಲಜನಕ, ಒಂದು ಸಾರಜನಕ, ಎರಡು ಆಮ್ಲಜನಕ. ಎರಡರ ಅಣುತೂಕವೂ 89. ಆದರೂ ಪರಮಾಣುಗಳ ಜೋಡಣೆ ಬೇರೆಯಾದುದರಿಂದ, ಒಂದು ಪ್ರೋಟೀನನ್ನು ಕಟ್ಟುವ ಗಣಕ್ಕೆ ಸೇರಿತು, ಇನ್ನೊಂದು ಹೊರಗುಳಿಯಿತು. ಅವಯವಗಳಿಗಿಂತ ಅವಯವಿಯು ಭಿನ್ನವೆಂದು ನೈಯಾಯಿಕರು ಸಾಧಿಸಿದ ಮಾತಿಗೆ ಇದು ಒಂದು ನಿದರ್ಶನ.

ಇನ್ನೊಂದು ಸಂದೇಹವೂ ಉಂಟು: ಕಲ್ಲನ್ನು ಮುಟ್ಟಿದವರ ಬೆರಳಿನಿಂದಲೇ ಆ ಆಮ್ಲಗಳು ಅಂಟಿಕೊಂಡಿರಬಾರದೇಕೆ? ಗ್ಲೈಸೀನೊಂದನ್ನುಳಿದು, ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳಿಗೆ ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬಗಳಾದ ಎರಡು ರೂಪಗಳಿವೆ. ಜೀವಿಗಳ ಪ್ರೋಟೀನುಗಳಲ್ಲಿ ಎಡದವೇ ಇರುತ್ತವೆ. ಎರಡರ ತೂಕವೂ ಒಂದೇ ಆದುದರಿಂದ ಯಂತ್ರವು ತಾನಾಗಿ ಅವನ್ನು ಬೇರೆಮಾಡಲಾರದು. ಒಂದೇ ಮಗ್ಗುಲಿನ ಮತ್ತೊಂದು ದ್ರವ್ಯವನ್ನು ಅವಕ್ಕೆ ಮೊದಲೇ ಜೋಡಿಸಿದಾಗ ಮಾತ್ರ ಅವು ನಳಿಕೆಯಿಂದ ಬೇರೆ ಬೇರೆ ಹೊತ್ತಿಗೆ ಹೊರಬೀಳುತ್ತವೆ. ಹೀಗೆ ನೋಡಿದಾಗ ಕಲ್ಲಿನಲ್ಲಿ ಎಡ ಬಲಗಳು ಹೆಚ್ಚುಕಡಿಮೆ ಸಮವಾಗಿದ್ದವು. ಜೀವದ ಸಹಾಯವಿಲ್ಲದೆಯೇ, ಭೂಮಿಯಾಚೆ, ಅವು ನಿರ್ಮಾಣವಾದುವೆಂಬುದಕ್ಕೆ ಇದೇ ಬಲವಾದ ಪ್ರಮಾಣ.

ಇದರಿಂದ ಚಾರ್ವಾಕರು ಗೆದ್ದರೆಂದು ಹೇಳುವುದು ಆತುರವಾದೀತು. ಕಲ್ಲಿನಲ್ಲಿ ಕಂಡದ್ದು ಸಾಮಗ್ರಿ. ಆ ಸಾಮಗ್ರಿಯೊಳಗೆ ತಾನಿದ್ದೇನೆಂಬ ಅರಿವು ಮೂಡುವ ಬಗೆಯನ್ನು ಯಾವ ತಕ್ಕಡಿಯೂ ಇನ್ನೂ ತೂಗಿಲ್ಲ. ಆದರೆ ಜಡವೆಂದರೆ ಹೀನವಾದುದು, ಅದರಿಂದ ಶ್ರೇಷ್ಠವಾದುದೇನೂ ಸಿದ್ಧವಾಗದು ಎಂಬ ತಾತ್ಸಾರವನ್ನು ಈ ಕಲ್ಲು ಖಂಡಿಸಿದೆ. ಜೀವಿಯೊಂದೂ ಕೈಯಿಡದ ಎಡೆಯಲ್ಲಿ ಜಡವು ಜೀವಕ್ಕೆ ಬೇಕಾದುದನ್ನು ಸಿದ್ಧಪಡಿಸಿತು. ಆತ್ಮವನ್ನು ಗೌರವಿಸುವವರು ಮಣ್ಣನ್ನೂ ಕಲ್ಲನ್ನೂ ಅಷ್ಟೇ ಶ್ರದ್ಧೆಯಿಂದ ಗೌರವಿಸಬೇಕು. ಜಿಜ್ಞಾಸುವಿಗೆ ಉಚಿತವಾದ ಆಸ್ತಿಕ್ಯವು ಅದೇ.