ಹಲ್ಲಿಗಾಗಿ ಕೊಲ್ಲಬಹುದೆ?

ಗೋಡೆಯ ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತಿಗೆ ಸಾಕ್ಷಿ ದೊರೆಯಿತೆಂದು ಸಂತೋಷಪಡುವವರು ನಾವು. ಆದರೆ ಹಲ್ಲಿಯ ಪ್ರಾಣಕ್ಕಾಗಿ ಬೇರೆ ಪ್ರಾಣಿಗಳನ್ನು ಕೊಲ್ಲಬಹುದೆ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳುವುದಿಲ್ಲ. ನ್ಯೂಜಿಲೆಂಡಿನಲ್ಲಿ ಅದು ಎದ್ದಿದೆ.

ಅಲ್ಲಿನ ಕಾಡುಹಲ್ಲಿಗೆ ಮಾವೊರಿ ಭಾಷೆಯಿಂದ ಬಂದ ಹೆಸರು ಮೊಕೊಪಿರಿರಾಕೌ. ಮರಕ್ಕೆ ಅಂಟಿಕೊಂಡಿರುವ ಹಲ್ಲಿ ಎಂದರ್ಥ. ಅದರ ಮೈಬಣ್ಣವೂ ತೊಗಟೆ, ಕಲ್ಲುಹೂಗಳ ಬಣ್ಣವೇ. ನಮ್ಮ ಹಲ್ಲಿಯಂತೆ ಇದು ಮೊಟ್ಟೆಯಿಡುವುದಿಲ್ಲ. ಮರಿ ಹಾಕುತ್ತದೆ, ಸಾಮಾನ್ಯವಾಗಿ ಒಂದು ಸಲಕ್ಕೆ ಎರಡು ಮಾತ್ರ. ಬಾವಲಿಗಳನ್ನು ಬಿಟ್ಟರೆ ನೆಲದ ಸಸ್ತನಿಗಳೇ ಇಲ್ಲದಿದ್ದ ದ್ವೀಪಗಳಲ್ಲಿ ಅಷ್ಟು ಸಾಕಾಗಿತ್ತು. ಮೊದಲು ಮಾವೊರಿಗಳ ದೋಣಿಯಲ್ಲಿ, ಅನಂತರ ಯುರೋಪಿನ ಹಡಗುಗಳಲ್ಲಿ ಇಲಿಗಳು ಬಂದವು. ವಲಸೆಗಾರರು ತಾವೇ ತಂದ ಮೊಲಗಳು ಹುಲ್ಲುಗಾವಲನ್ನು ಮೇಯ್ದು ಮುಗಿಸತೊಡಗಿದಾಗ, 1880ರ ದಶಕದಲ್ಲಿ ಸ್ಟೋಟ್ ಎಂಬ, ಮುಂಗುಸಿಯನ್ನು ಹೋಲುವ ಬೇಟೆಪ್ರಾಣಿಯನ್ನೂ ತರಿಸಿದರು. ಇಲಿಗೂ ಸ್ಟೋಟಿಗೂ ಹಲ್ಲಿ ಆಹಾರವಾಯಿತು. 2016ರಲ್ಲಿ ಅಲ್ಲಿನ ಸರ್ಕಾರ, ಇಲಿ, ಸ್ಟೋಟ್, ತುಪ್ಪಳಕ್ಕಾಗಿ ಆಸ್ಟ್ರೇಲಿಯದಿಂದ ತಂದ ಪೊಸಮ್ ಇವುಗಳನ್ನು 2050ರೊಳಗೆ ದೇಶದಿಂದಲೇ ನಿರ್ಮೂಲ ಮಾಡುವ ಗುರಿಯನ್ನು ಸಾರಿತು. ಅದಕ್ಕಾಗಿ ಬೋನುಗಳಿವೆ, ಹೆಲಿಕಾಪ್ಟರಿನಿಂದ ಚೆಲ್ಲುವ 1080 ಎಂಬ ವಿಷವೂ ಇದೆ.

ಕೊಲ್ಲದಿರುವುದೇ ಧರ್ಮವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಸುಮ್ಮನಿದ್ದರೂ ಸಾವು ನಿಲ್ಲುವುದಿಲ್ಲ; ಸಾಯುವ ಜೀವ ಬೇರೆಯಾಗುತ್ತದೆ, ಅಷ್ಟೆ. ಬಾಗಿಲು ತೆರೆದವನು ಮನುಷ್ಯನೇ ಆಗಿರುವಾಗ, ಒಳಗೆ ನಡೆದದ್ದಕ್ಕೂ ತನಗೂ ಸಂಬಂಧವಿಲ್ಲವೆನ್ನುವುದು ಅಹಿಂಸೆಯಲ್ಲ, ಹೊಣೆಯಿಂದ ಜಾರಿಕೊಳ್ಳುವುದು. ಹಾಗೆಂದು ಈ ಕೊಲೆಯನ್ನು ಪುಣ್ಯಕಾರ್ಯವೆನ್ನಲೂ ನನ್ನ ಮನಸ್ಸು ಒಪ್ಪದು. ಸ್ಟೋಟ್ ತಾನಾಗಿ ಬಂದದ್ದಲ್ಲ. ತನ್ನ ಹಸಿವಿಗೆ ತಕ್ಕಂತೆ ಬದುಕಿದ್ದೇ ಅದರ ಅಪರಾಧ. ತಪ್ಪು ನಮ್ಮದು, ದಂಡ ಅದಕ್ಕೆ!

ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ ಇವು ಗೃಹಸ್ಥನ ಮನೆಯ ಐದು ವಧಾಸ್ಥಾನಗಳೆಂದು ನಮ್ಮ ಧರ್ಮಶಾಸ್ತ್ರಕಾರರು ಎಣಿಸಿದರು. ಅವರು ಒಲೆ ಹಚ್ಚಬೇಡವೆನ್ನಲಿಲ್ಲ. ಹಚ್ಚಿದ್ದರಿಂದಾದ ಹಿಂಸೆ ಹಿಂಸೆಯೇ ಅಲ್ಲವೆಂದೂ ಹೇಳಲಿಲ್ಲ. ಅದಕ್ಕೆ ನಿತ್ಯ ಪ್ರಾಯಶ್ಚಿತ್ತವನ್ನು ವಿಧಿಸಿದರು. ಆ ವಿವೇಕ ಇಲ್ಲಿಗೂ ಸಲ್ಲುತ್ತದೆಂದು ನನಗೆ ತೋರುತ್ತದೆ. ಹಲ್ಲಿ ಉಳಿಯಬೇಕಾದರೆ ಕೊಲ್ಲಬೇಕಾದೀತು. ಆದರೆ ಆದಷ್ಟು ಕಡಮೆ ನೋವಿನ ಉಪಾಯವನ್ನು ಹುಡುಕುವ, ಬಂದರಿನಲ್ಲಿ ಮತ್ತೊಂದು ಜೀವಿ ನುಸುಳದಂತೆ ಕಾಯುವ ಹೊಣೆಯೂ ಅದರೊಡನೆ ಬರುತ್ತದೆ. ಕೊಂದ ಮೇಲೂ ಸಾಲ ತೀರಿತೆಂದು ಭಾವಿಸದವನ ಕೈಯಲ್ಲಿ ಮಾತ್ರ ಆ ಬೋನು ಇರಲಿ.