ಪೆಟ್ಟಿಗೆ ಬಿಚ್ಚದ ಆಟಿಕೆ

ನಾರಾಯಣಪೇಟೆಯ ವ್ಯಾಪಾರಸ್ಥ ಭಕ್ತರೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದಿದ್ದರು. ಪ್ರಸಾದ ಮುಗಿದು ಉಳಿದವರೆಲ್ಲ ಎದ್ದು ಹೋಗುವವರೆಗೆ ಕಾದು, ಸಂಕೋಚದಿಂದಲೇ ಮಾತು ತೆಗೆದರು. ಅವರ ಮಗ ಹೈದರಾಬಾದಿನಲ್ಲಿ ಕಂಪ್ಯೂಟರ್ ನೌಕರಿಯಲ್ಲಿದ್ದಾನೆ. ನಲವತ್ತೈದರ ಗೃಹಸ್ಥ, ದುಶ್ಚಟವೊಂದೂ ಇಲ್ಲ. ಆದರೆ ಮನೆಯ ಒಂದು ಗೋಡೆಗೆ ಗಾಜಿನ ಕಪಾಟು ಮಾಡಿಸಿ ಅದರ ತುಂಬ ಗೊಂಬೆಗಳನ್ನು ಜೋಡಿಸಿದ್ದಾನೆ. ಬಹಳಷ್ಟು ಗೊಂಬೆಗಳು ಇನ್ನೂ ಪೆಟ್ಟಿಗೆಯೊಳಗೇ ಇವೆ. ಆರು ವರ್ಷದ ಮೊಮ್ಮಗ ಒಂದನ್ನು ಬಿಚ್ಚಿ ಕೊಡೆಂದು ಅತ್ತಾಗ, ಅದನ್ನು ಮುಟ್ಟಬೇಡವೆಂದು ಹೇಳಿ ಬೇರೆ ಆಟಿಕೆ ತಂದುಕೊಟ್ಟನಂತೆ.

"ಆಡಾಕ ಮಾಡಿದ ಸಾಮಾನು ಆಡಾಕ ಕೊಡಂಗಿಲ್ಲ ಅಂದ್ರ ಇದು ಯಾವ ಧರ್ಮರಿ ಅಪ್ಪಾರೆ?" ಎಂದರು.

ಇದು ನಕ್ಕು ಬಿಡುವ ಪ್ರಶ್ನೆಯಲ್ಲ. ಮೊದಲು ಈ ಗೊಂಬೆಗಳ ಪೂರ್ವಾಪರವನ್ನು ತಿಳಿಯಬೇಕು. 1964ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಕಂಪನಿಯು ಜಿ.ಐ. ಜೋ ಎಂಬ ಸಿಪಾಯಿಯನ್ನು ತಂದಿತು. ಗೊಂಬೆ ಎಂದರೆ ಗಂಡುಹುಡುಗರು ಮುಟ್ಟಲಾರರೆಂದು 'ಆ್ಯಕ್ಷನ್ ಫಿಗರ್' ಎಂಬ ಹೊಸ ಹೆಸರನ್ನೇ ಕಟ್ಟಿದರು. ವ್ಯಾಪಾರದ ಜಾಣತನವೆಂದರೆ ಇದು! 1982ರಲ್ಲಿ ಮ್ಯಾಟೆಲ್ ಕಂಪನಿಯ ಹೀ-ಮ್ಯಾನ್ ಬಂದ. ಐದೂವರೆ ಅಂಗುಲದ ಜಟ್ಟಿ. ಸೊಂಟ ತಿರುವಿ ಬಿಟ್ಟರೆ ತಾನೇ ತಿರುಗಿ ಗುದ್ದು ಹಾಕುತ್ತಿದ್ದ. ಅವನ ಚಿತ್ರಕಥೆ ಆ ದಶಕದಲ್ಲೇ ನಮ್ಮ ದೂರದರ್ಶನಕ್ಕೂ ಬಂತು. 1987ರಲ್ಲಿ ಎಂ.ಆರ್.ಎಫ್. ಮತ್ತು ಹ್ಯಾಸ್ಬ್ರೊ ಕೂಡಿ ಫನ್‌ಸ್ಕೂಲ್ ಕಟ್ಟಿದ ಮೇಲೆ ಜಿ.ಐ. ಜೋ ನಮ್ಮ ದೇಶದಲ್ಲೇ ತಯಾರಾಗತೊಡಗಿದ.

ಆ ಕಾಲದ ಮಕ್ಕಳು ಇಂದು ದುಡಿದು ಗಳಿಸುವವರು. ಕಂಪನಿಗಳಿಗೆ ಇದು ಗೊತ್ತಿದೆ. 2008ರಲ್ಲಿ ಮ್ಯಾಟೆಲ್ ಅದೇ ಹೀ-ಮ್ಯಾನನನ್ನು ದೊಡ್ಡವರಿಗೆಂದೇ ಹೊಸದಾಗಿ ಎರಕ ಹೊಯ್ದಿತು. 2020ರಲ್ಲಿ ಮತ್ತೊಮ್ಮೆ, ಹಳೆಯ ಅಳತೆಯಲ್ಲಿ, ಹಳೆಯ ಪೆಟ್ಟಿಗೆಯ ಚೆಲುವಿನಲ್ಲಿ ತಂದಿತು. ಮುಖ ಹಳೆಯದು, ಮೊಣಕೈ ಮೊಣಕಾಲುಗಳಿಗೆ ಮಾತ್ರ ಈಗ ಕೀಲು ಬಂದಿದೆ.

ಇವುಗಳನ್ನು ಬಿಚ್ಚದೆ ಇಟ್ಟರೆ ಮುಂದೆ ಬೆಲೆ ಬರುತ್ತದೆಂದು ಕೆಲವರು ನಂಬುತ್ತಾರೆ. ನಮ್ಮ ವ್ಯಾಪಾರಸ್ಥರಿಗೆ ಇದರ ಹುಳುಕು ಹೇಳಿಕೊಡಬೇಕಾಗಿಲ್ಲ. ಹಳೆಯ ಗೊಂಬೆಗೆ ಇಂದು ಬೆಲೆಯಿರುವುದು ಏಕೆ? ಆಗಿನ ಮಕ್ಕಳು ಆಡಿ, ಕೈ ಮುರಿದು, ತಿಪ್ಪೆಗೆ ಎಸೆದು, ಉಳಿದದ್ದು ಕೆಲವೇ ಎಂಬ ಕಾರಣಕ್ಕೆ. ಹೊಸದನ್ನು ಕೊಂಡವರೆಲ್ಲ ಜೋಪಾನವಾಗಿಟ್ಟರೆ ಅದು ವಿರಳವಾಗುವುದು ಹೇಗೆ? ಎಲ್ಲರೂ ತೊಗರಿ ಕಟ್ಟಿಟ್ಟ ವರ್ಷ ಮಕ್ತಲದ ಪೇಟೆಯಲ್ಲಿ ಯಾರು ಲಾಭ ಕಂಡಾರು? ಆದರೆ ಆ ಮಗ ಮಾರುವುದಕ್ಕಾಗಿ ಇಟ್ಟಿಲ್ಲವೆಂದು ತಂದೆಯೇ ಹೇಳಿದರು. ಹಾಗಾದರೆ ಲೋಭವೆಂದು ಹೆಸರಿಟ್ಟು ಮುಗಿಸುವಂತಿಲ್ಲ.

ಕೂಡಿಡುವ ಬುದ್ಧಿ ಅವನೊಬ್ಬನದೇ? ಗದ್ವಾಲದ ಸೀರೆಯನ್ನೇ ನೋಡಿರಿ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಸೆರಗು ಕೂಡಿಸಲು ನೇಕಾರ ಮಗ್ಗದ ಮೇಲೆ ದಿನಗಟ್ಟಲೆ ಬೆನ್ನು ಬಗ್ಗಿಸುತ್ತಾನೆ. ಉಡುವುದಕ್ಕೆ ನೇಯ್ದ ಆ ಸೀರೆ ಎಷ್ಟು ಮನೆಗಳ ಟ್ರಂಕಿನಲ್ಲಿ ಮಡಿಕೆ ಮುರಿಯದೆ ಮಲಗಿದೆ! ಮಠಗಳಲ್ಲಿ ಬಟ್ಟೆ ಸುತ್ತಿಟ್ಟ ತಾಳೆಗರಿಯ ಕಟ್ಟುಗಳಿಗೆ ಧೂಪ ಹಾಕುತ್ತೇವೆ, ಬಿಚ್ಚಿ ಓದುವುದಿಲ್ಲ. ನಾವೇ ಹೀಗಿರುವಾಗ ಆ ಮಗನಿಗೆ ಬುದ್ಧಿ ಹೇಳಲು ಬಾಯಿ ಬಾರದು.

ಹಳೆಯದರ ರೂಪದಲ್ಲಿ ಹೊಸದನ್ನು ಮಾಡುವುದೂ ದೋಷವಲ್ಲ. ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಗಡಿಯ ಈಚೆಗೂ ಆಚೆಗೂ, ಕನ್ನಡದವರೂ ತೆಲುಗಿನವರೂ ಎರೆಮಣ್ಣು ಕಲಸಿ ಜೋಡೆತ್ತು ಮಾಡುತ್ತಾರೆ. ಪಕ್ಕದಲ್ಲೊಂದು ಪುಟ್ಟ ಗೋದಲಿ. ಕಣ್ಣಿಗೆ ಕುಸುಬೆ ಕಾಳು. ವರ್ಷ ವರ್ಷವೂ ಅದೇ ಡುಬ್ಬ, ಅದೇ ಕೋಡು. ಈ ವರ್ಷದ ಎತ್ತು ಹೋದ ವರ್ಷದ್ದರ ನಕಲೆಂದು ಯಾರೂ ಹಳಿಯುವುದಿಲ್ಲ. ಪೂಜೆಯಾದ ಮೇಲೆ ನೀರಿಗೆ ಬಿಡುತ್ತಾರೆ. ಹುಡುಗರು ಮುಂದಿನ ಮಳೆಗಾಲಕ್ಕೆ ಮತ್ತೆ ಕೈ ಕೆಸರು ಮಾಡಿಕೊಳ್ಳುತ್ತಾರೆ.

ಆದರೆ ಮಣ್ಣನ್ನು ಬಿಡುವುದು ಹಗುರ, ರೊಕ್ಕ ಕೊಟ್ಟದ್ದನ್ನು ಬಿಡುವುದು ಭಾರ. ಆ ಹೋಲಿಕೆಯನ್ನು ಬಹಳ ಎಳೆಯಬಾರದು. ನಮಗೆ ತೋಚಿದ್ದು ಇಷ್ಟು: ವಸ್ತುವನ್ನು ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಬೇಡುವವನು ಎದುರಿಗೆ ಬಂದು ಕೈಚಾಚಿದಾಗ ವಸ್ತು ಹೆಚ್ಚೋ ಅವನು ಹೆಚ್ಚೋ ಎಂಬಲ್ಲಿ ಪರೀಕ್ಷೆಯಿದೆ. ದಾಸೋಹವೆಂಬುದು ಅನ್ನದ ಸಾಲಿನಲ್ಲಿ ಮಾತ್ರ ನಡೆಯುವಂಥದಲ್ಲ. ಇಲ್ಲಿ ಬೇಡಿದವನು ಆರು ವರ್ಷದ ಕೂಸು.

ಇದನ್ನೇ ಹೇಳಿ ಕಳಿಸೋಣವೆಂದಿದ್ದೆವು. ಅಷ್ಟರಲ್ಲಿ ನಮ್ಮ ಬಾಯಿಂದ ಒಂದು ಪ್ರಶ್ನೆ ಬಂತು: "ನಿಮ್ಮ ಮಗ ಸಣ್ಣವನಿದ್ದಾಗ ಇಂಥದ್ದು ಬೇಡಿದ್ದನೇನು?"

ಅವರು ಬಹಳ ಹೊತ್ತು ಮಾತಾಡಲಿಲ್ಲ. ಮಗನಿಗೆ ಎಂಟು ವರ್ಷವಿದ್ದಾಗ ದುಕಾನದ ಮಾಲು ತರಲು ಅವನನ್ನೂ ಕರೆದುಕೊಂಡು ಹೈದರಾಬಾದಿಗೆ ಹೋಗಿದ್ದರಂತೆ. ಸುಲ್ತಾನ್ ಬಜಾರಿನಲ್ಲಿ ಒಂದು ಅಂಗಡಿಯ ಗಾಜಿನ ಮುಂದೆ ಹುಡುಗ ನಿಂತುಬಿಟ್ಟ. ಒಳಗೆ ಆ ಜಟ್ಟಿ ಗೊಂಬೆಯಿತ್ತು. ಪಕ್ಕದ ಮನೆಯ ಟಿ.ವಿ.ಯಲ್ಲಿ ನೋಡಿದ್ದನಂತೆ. ಅಳಲಿಲ್ಲ, ಹಟ ಮಾಡಲಿಲ್ಲ. ಬೆಲೆ ಕೇಳಿ ಇವರು ಕೈಹಿಡಿದು ಎಳೆದುಕೊಂಡು ಬಂದರು.

"ಅವಾಗ ರೊಕ್ಕ ಉಳಿಸೀನಿ ಅಂತ ಖುಷಿಪಟ್ಟಿದ್ದೆರಿ ಅಪ್ಪಾರೆ," ಎಂದರು.

ಹಾಗಾದರೆ ಆ ಕಪಾಟಿನ ಮುಂದೆ ಬೇಡುತ್ತ ನಿಂತ ಮಕ್ಕಳು ಇಬ್ಬರು. ಒಬ್ಬನಿಗೆ ಆರು ವರ್ಷ, ಇನ್ನೊಬ್ಬನಿಗೆ ಮೂವತ್ತೇಳು ವರ್ಷಗಳಿಂದ ಎಂಟೇ ವರ್ಷ. ದೊಡ್ಡವನಿಗೆ ಕೊಡಬೇಕಾದದ್ದನ್ನು ಕೊಡದೆ, ಚಿಕ್ಕವನಿಗೆ ಕೊಡೆಂದು ಅವನಿಗೆ ಹೇಳುವುದು ಹೇಗೆ? ನಾವು ಸಿದ್ಧಮಾಡಿಕೊಂಡಿದ್ದ ಮಾತನ್ನು ಬಾಯಲ್ಲೇ ಇಟ್ಟುಕೊಂಡೆವು. ಹೈದರಾಬಾದಿಗೆ ಹೋಗಿ ಮಗನ ಎದುರು ಆ ಅಂಗಡಿಯ ಮಾತು ತೆಗೆಯಿರಿ ಎಂದಷ್ಟೇ ಹೇಳಿದೆವು.

ಹೋದ ವಾರ ಫೋನು ಬಂದಿತ್ತು. ಹೋಗಿ ಬಂದರಂತೆ. ಒಂದು ಪೆಟ್ಟಿಗೆ ಬಿಚ್ಚಿದೆ. ಉಳಿದವು ಹಾಗೆಯೇ ಇವೆ. ಬಿಚ್ಚಿದ್ದನ್ನು ರಾತ್ರಿ ಮೂವರೂ ನೆಲದ ಮೇಲೆ ಕೂತು ಆಡಿದರೆಂದೂ, ಅದರ ಕತ್ತಿ ಮಂಚದ ಕೆಳಗೆ ಎಲ್ಲೋ ಹೋಗಿ ಇನ್ನೂ ಸಿಕ್ಕಿಲ್ಲವೆಂದೂ ಹೇಳಿದರು.